ಡಾಕ್ಟ್ರೇ, ನಾನು ಮಿಲಿಟರಿಯಲ್ಲಿದ್ದವಳು

ಕಾರವಾರದಲ್ಲಿ ಯೂನಿಫಾರ್ಮಿಗೆ ಬರವಿಲ್ಲ. ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ಮ್ಯೂಸಿಯಂ ಆಗಿ ಕೂತಿದೆ. ಯಾವ ಕೇರಿಗೆ ಹೋದರೂ ಒಬ್ಬರಾದರೂ ರಿಟೈರ್ಡ್ ಫೌಜಿ ಸಿಗುತ್ತಾರೆ. ಆದರೆ ಮಾಜಿ ಸೈನಿಕರು ಅಂದಾಗ, ಮೀನು ಮಾರ್ಕೆಟ್ಟಿನಲ್ಲಿ ಬಂಗಡೆಗೆ ಚೌಕಾಶಿ ಮಾಡುತ್ತಿರುವ ಐವತ್ತು ದಾಟಿದ ಹೆಂಗಸು ಯಾರ ಕಣ್ಣ ಮುಂದೂ ಬರುವುದಿಲ್ಲ. ಆ ಹೆಂಗಸು ನಾನು.

ಕೆಲವು ವರ್ಷಗಳ ಹಿಂದೆ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮವೊಂದಕ್ಕೆ ಪದಕ ಹಾಕಿಕೊಂಡು ಹೋಗಿದ್ದೆ. ಎಲ್ಲಿ, ಯಾರದ್ದು ಅನ್ನುವುದು ಬೇಡ. ಬಾಗಿಲಲ್ಲಿದ್ದ ಹುಡುಗ ನೇರವಾಗಿ ವೀರನಾರಿಯರ, ಅಂದರೆ ಹುತಾತ್ಮ ಯೋಧರ ಹೆಂಡತಿಯರ, ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದ. ಆಮೇಲೆ ಬಗ್ಗಿ ಮೆಲ್ಲಗೆ, ‘ಮೇಡಂ, ಯಜಮಾನ್ರ ಪದಕ ಬಲಗಡೆ ಹಾಕ್ಬೇಕು’ ಎಂದ. ಅವನು ಹೇಳಿದ ನಿಯಮ ಸರಿಯಾಗೇ ಇತ್ತು. ತೀರಿಹೋದವರ ಪದಕವನ್ನು ಮನೆಯವರು ಬಲಕ್ಕೆ ಹಾಕುತ್ತಾರೆ, ಸ್ವಂತದ್ದನ್ನು ಎಡಕ್ಕೆ. ನನ್ನದು ಎಡಕ್ಕಿತ್ತು, ಯಾಕಂದರೆ ಅದು ನನ್ನದೇ. ನಮ್ಮ ಯಜಮಾನರು ಆ ಹೊತ್ತಿಗೆ ಹೊರಗೆ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು.

ಅವತ್ತು ನಕ್ಕು ಬಿಟ್ಟೆ. ಇದೇ ಸಂಗತಿ ಆಸ್ಪತ್ರೆಯಲ್ಲಿ ನಡೆದರೆ ಮಾತ್ರ ನಗು ಬರುವುದಿಲ್ಲ, ಮದ್ದೇ ತಪ್ಪಿಹೋಗುತ್ತದೆ. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದೆ. 1888ರಲ್ಲಿ ಹತ್ತು ಮಂದಿ ನರ್ಸ್‌ಗಳು ಮುಂಬೈ ಬಂದರಿನಲ್ಲಿ ಇಳಿದಾಗ ಶುರುವಾದ ಸೇವೆ ಅದು. ನಾವು ಕಮಿಷನ್ ಪಡೆದ ಅಧಿಕಾರಿಗಳು, ಲೆಫ್ಟಿನೆಂಟ್ ಆಗಿ ಸೇರುತ್ತೇವೆ. ವಾರ್ಡಿನಲ್ಲಿ ಮಾತ್ರ ಎಲ್ಲರಿಗೂ ಸಿಸ್ಟರ್. 1999ರ ಬೇಸಗೆಯಲ್ಲಿ ನಾನು ಶ್ರೀನಗರದ ಬೇಸ್ ಹಾಸ್ಪಿಟಲ್‌ನಲ್ಲಿದ್ದೆ. ಮೇಲಿನಿಂದ ಹೆಲಿಕಾಪ್ಟರ್ ಇಳಿದರೆ ನಮ್ಮ ಕೆಲಸ ಶುರು. ಕಾರ್ಗಿಲ್‌ನಲ್ಲಿ 527 ಯೋಧರು ತೀರಿಕೊಂಡರು ಅನ್ನುವುದು ಎಲ್ಲರಿಗೂ ಬಾಯಿಪಾಠ. ಗಾಯಗೊಂಡವರು 1300ಕ್ಕೂ ಜಾಸ್ತಿ. ಆ ಗಾಯಗಳನ್ನು ತೊಳೆದವರ ಲೆಕ್ಕ ಎಲ್ಲಿ ಸಿಗುತ್ತದೋ ಗೊತ್ತಿಲ್ಲ.

ಆಗ ಏನೂ ಆಗಲಿಲ್ಲ. ಮುಂದೆ ಪೋಸ್ಟಿಂಗ್ ಮೇಲೆ ಪೋಸ್ಟಿಂಗ್, ಮದುವೆ, ಮಗಳು, ಪ್ರಮೋಷನ್. ಪೆನ್ಶನ್ ಮೇಲೆ ಊರಿಗೆ ಬಂದೆ. ಯಜಮಾನರಿಗೆ ಕೈಗಾದಲ್ಲಿ ಕೆಲಸ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತಲ್ಲ, ಆಗಿನಿಂದ ನನ್ನ ನಿದ್ರೆ ಹೋಯಿತು. ಗಂಗಾವಳಿ ನದಿಯಲ್ಲಿ ವಾರಗಟ್ಟಲೆ ಹುಡುಕಾಟ, ನೌಕಾಪಡೆಯ ಮುಳುಗುಗಾರರು, ಟೀವಿ ಹಾಕಿದರೆ ಅದೇ, ಬಸ್ಸಿನಲ್ಲೂ ಅದೇ ಮಾತು. ಅಲ್ಲಿ ನನಗೆ ಬೇಕಾದವರು ಯಾರೂ ಇರಲಿಲ್ಲ. ಆದರೂ ಮಳೆಯ ಸದ್ದಿನ ನಡುವೆ ಹೆಲಿಕಾಪ್ಟರ್ ಸದ್ದು ಕೇಳಿದರೆ ಕೈ ತಾನಾಗಿ ಸೀರೆ ಸೆರಗಿನಲ್ಲಿ ಏನನ್ನೋ ಹುಡುಕುತ್ತಿತ್ತು. ಕತ್ತರಿ. ವಾರ್ಡಿನಲ್ಲಿ ನಾವು ಕತ್ತರಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದೆವು.

ಆಮೇಲೆ ಒಂದೊಂದೇ ಶುರುವಾಯಿತು. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟೇ ಕೂರಬೇಕು. ಆಸ್ಪತ್ರೆಯ ಕ್ಯಾಶುವಾಲ್ಟಿ ಕಾಣುವ ರಸ್ತೆ ಬಿಟ್ಟು ಸುತ್ತು ಹಾಕಿ ಮನೆಗೆ ಬರುವುದು. ಮಗಳು ಫೋನ್ ಎತ್ತದಿದ್ದರೆ ಎದೆ ಡವಡವ. ಯಾರಾದರೂ ಸತ್ತ ಸುದ್ದಿ ಬಂದರೆ ಮಾತ್ರ ಒಳಗೆ ಏನೂ ಆಗುವುದಿಲ್ಲ, ಮರಗಟ್ಟಿದ ಹಾಗೆ. ಅವ್ವ ಅಂಕೋಲೆಯಿಂದ ಬಂದವಳು ನನ್ನ ಮುಖ ನೋಡಿ, ‘ಎಂತಾ ಆಯ್ತೇ ತಂಗಿ, ಯಾರದ್ದಾದ್ರೂ ದೃಷ್ಟಿ ತಾಗ್ತಾ?’ ಎಂದು ಉಪ್ಪು ಮೆಣಸು ಇಳಿ ತೆಗೆದಳು. ಅಕ್ಕಪಕ್ಕದವರ ಪ್ರಕಾರ ಅದು ಮಂಡೆಬಿಸಿ, ಮುಟ್ಟು ನಿಲ್ಲುವ ವಯಸ್ಸಲ್ವಾ.

ಹಾಗಾದರೆ ಇಷ್ಟು ದಿನ ಸುಮ್ನಿದ್ದದ್ದು ಯಾಕೆ ಅಂತ ಕೇಳಬಹುದು. ಅದಕ್ಕೆ ಕಾರಣ ಸರ್ವಿಸ್‌ನಲ್ಲೇ ಇದೆ. ಮಿಲಿಟರಿಯಲ್ಲಿ ಆರೋಗ್ಯವನ್ನು ‘ಶೇಪ್’ ಎನ್ನುವ ಪಟ್ಟಿಯಲ್ಲಿ ಅಳೆಯುತ್ತಾರೆ. ಅದರ ಮೊದಲ ಅಕ್ಷರವೇ ಮನಸ್ಸಿನದ್ದು. ಅಲ್ಲಿ ನಂಬರ್ ಇಳಿದರೆ ಪೋಸ್ಟಿಂಗ್, ಪ್ರಮೋಷನ್ ಎಲ್ಲದಕ್ಕೂ ಪೆಟ್ಟು. ಸೈಕಿಯಾಟ್ರಿ ವಾರ್ಡಿನಲ್ಲಿ ಡ್ಯೂಟಿ ಮಾಡಿದ ನರ್ಸ್‌ಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಹೆಂಗಸಾದರೆ ಇನ್ನೊಂದು ಹೆದರಿಕೆ ಜಾಸ್ತಿ. ಒಬ್ಬಳು ಅತ್ತರೆ ‘ಹೆಂಗಸರಿಗೆ ಇದು ಆಗದ ಕೆಲಸ’ ಎಂದು ಎಲ್ಲರ ತಲೆಗೂ ಕಟ್ಟುತ್ತಾರೆ. ಆದ್ದರಿಂದ ಬಾಯಿ ಮುಚ್ಚಿಕೊಂಡು ಅಭ್ಯಾಸ. ರಿಟೈರ್ ಆದ ಮೇಲೆ ಇಳಿಸಲು ಯಾವ ನಂಬರೂ ಉಳಿದಿರುವುದಿಲ್ಲ, ಅಭ್ಯಾಸ ಮಾತ್ರ ಉಳಿದಿರುತ್ತದೆ. ಚಿಕಿತ್ಸೆ ತಗೊಂಡರೆ ಪೆನ್ಶನ್ ನಿಲ್ಲಿಸುತ್ತಾರಾ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಹುಚ್ಚುಚ್ಚು ಮಾತು ಅದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಕಾಯಿಲೆಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ.

ಮೊದಲು ನಾನು ಮಾಡಿದ್ದು 14416ಕ್ಕೆ ಫೋನ್. ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗಾಗಿಯೇ ಪುಣೆಯ ಸೇನಾ ಮೆಡಿಕಲ್ ಕಾಲೇಜು ಎಎಫ್‌ಎಂಸಿಯಲ್ಲಿ ಇದರದ್ದೊಂದು ಘಟಕ 2023ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದಿರುವುದು ಗೊತ್ತಿದ್ದೂ ನಾನು ಮಾಮೂಲಿ ಲೈನಿಗೇ ಮಾಡಿದೆ. ಪುಣೆಯಲ್ಲಿ ಯಾರಾದರೂ ಪರಿಚಯದವರು ಎತ್ತಿದರೆ ಅಂತ! ಆ ಕಡೆ ಒಬ್ಬ ಹುಡುಗಿ. ಉಪದೇಶ ಮಾಡಲಿಲ್ಲ. ಸಾಯುವ ಯೋಚನೆ ಬರ್ತಾ ಇದೆಯಾ ಎಂದು ನೇರವಾಗಿ ಕೇಳಿದಳು. ಇಲ್ಲ ಎಂದೆ. ಹತ್ತಿರದಲ್ಲಿ ಎಲ್ಲಿ ಮನೋವೈದ್ಯರು ಸಿಗುತ್ತಾರೆ ಎಂದು ಹೇಳಿ, ಮತ್ತೆ ವಿಚಾರಿಸಲು ಫೋನ್ ಮಾಡಲಾ ಎಂದಳು. ಮಾಡಿದಳು ಕೂಡ.

ಆಮೇಲೆ ಒಂದು ಆಸ್ಪತ್ರೆಗೆ ಹೋದೆ. ಕೌಂಟರಿನಲ್ಲಿ ಹೆಸರು, ವಯಸ್ಸು, ಊರು ಕೇಳಿದರು. ಉದ್ಯೋಗದ ಎದುರು ಏನು ಬರೆಯಬೇಕು ಎಂದು ಕೇಳಲೇ ಇಲ್ಲ. ಪೆನ್ನು ನಿಲ್ಲದೆ ‘ಗೃಹಿಣಿ’ ಎಂದು ಬರೆದುಕೊಂಡು ಹೋಯಿತು. ಆ ಕೇಸ್ ಪೇಪರ್ ಹಿಡಿದುಕೊಂಡು ಒಳಗೆ ಹೋದೆ. ಡಾಕ್ಟರು ಅದನ್ನು ನೋಡಿದರು, ನನ್ನನ್ನು ನೋಡಿದರು. ನಿದ್ರೆ ಇಲ್ಲ, ಸಿಟ್ಟು, ಬೆವರು. ವಯಸ್ಸಿಗೂ ದೂರಿಗೂ ತಾಳೆ ಆಯಿತು. ಥೈರಾಯ್ಡ್ ಟೆಸ್ಟು, ಬಿ12, ಕ್ಯಾಲ್ಸಿಯಂ, ಜೊತೆಗೆ ಒಂದು ನಿದ್ರೆ ಮಾತ್ರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಓಪಿಡಿಯಲ್ಲಿ ಹೊರಗೆ ನೂರು ಜನ ಕಾಯುತ್ತಿರುವಾಗ ಕಾಗದದಲ್ಲಿ ಇದ್ದದ್ದನ್ನೇ ಡಾಕ್ಟರು ನೋಡುವುದು. ನನ್ನ ವಯಸ್ಸಿನದೇ ಗಂಡಸು, ಮೀಸೆ ಬಿಟ್ಟುಕೊಂಡು, ಫೌಜಿ ಕಟಿಂಗ್‌ನಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದರೆ ಮಾತ್ರ ‘ಮಿಲಿಟರೀಲಿ ಇದ್ರಾ?’ ಅನ್ನುವ ಪ್ರಶ್ನೆ ತಾನಾಗಿ ಬರುತ್ತಿತ್ತು.

ಆ ನಿದ್ರೆ ಮಾತ್ರೆ ನಾನು ತಗೊಳ್ಳಲಿಲ್ಲ. ಆಘಾತದಿಂದ ಬಂದ ತೊಂದರೆಗೆ ಆ ಜಾತಿಯ ಮಾತ್ರೆ ಮೂಲ ಕಾಯಿಲೆ ವಾಸಿ ಮಾಡುವುದಿಲ್ಲ, ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂದು ಗೊತ್ತಿತ್ತು. ಗೊತ್ತಿಲ್ಲದವರು ವರ್ಷಗಟ್ಟಲೆ ತಗೊಳ್ಳುತ್ತಾರೆ. ಅಂಥವರನ್ನು ನೋಡಿದ್ದೇನೆ.

ಮುಂದೆ ಹುಬ್ಬಳ್ಳಿಯ ಮನೋವೈದ್ಯರೊಬ್ಬರ ಹತ್ತಿರ ಹೋಗುವುದು ಎಂದು ನಿಶ್ಚಯವಾಯಿತು. ಕಾರವಾರದಲ್ಲೇ ಮೆಡಿಕಲ್ ಕಾಲೇಜು ಇದ್ದೂ ಯಾಕೆ ಹುಬ್ಬಳ್ಳಿ? ಸಣ್ಣ ಊರು ಸ್ವಾಮಿ. ಸಾಲಿನಲ್ಲಿ ಕೂತರೆ ಮೂರು ಜನ ನೆಂಟರು ಸಿಗುತ್ತಾರೆ. ನಮ್ಮ ಕಡೆ ಈಗಲೂ ‘ಇವಳನ್ನ ಧಾರವಾಡಕ್ಕೆ ಕಳಿಸ್ಬೇಕು’ ಅಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಅಲ್ಲಿನ ಹಳೇ ಹುಚ್ಚಾಸ್ಪತ್ರೆ ಇವತ್ತು ಡಿಮ್ಹಾನ್ಸ್ ಎನ್ನುವ ದೊಡ್ಡ ಸಂಸ್ಥೆ. ಬೋರ್ಡು ಬದಲಾಗಿದೆ, ಜೋಕು ಬದಲಾಗಿಲ್ಲ. ನಿಮಗೆ ಆ ಮುಜುಗರ ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಹೋಗಿ, ದುಡ್ಡೂ ಉಳಿಯುತ್ತದೆ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ವಾಂತಿಯೂ ತಪ್ಪುತ್ತದೆ.

ಈ ಸಲ ಒಳಗೆ ಹೋದವಳೇ ಕೂರುವ ಮೊದಲು ಹೇಳಿದೆ. ‘ಡಾಕ್ಟ್ರೇ, ನಾನು ಮಿಲಿಟರಿಯಲ್ಲಿದ್ದವಳು. ಕಾರ್ಗಿಲ್ ಹೊತ್ತಿಗೆ ಶ್ರೀನಗರದ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡಿದ್ದೇನೆ. ನನ್ನ ತೊಂದರೆ ಅಲ್ಲಿಂದ ಬಂದದ್ದು ಅನ್ನಿಸುತ್ತೆ.’ ಈ ಮಾತನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿದ್ದೆಲ್ಲ ಬೇರೆಯೇ ಪ್ರಶ್ನೆಗಳು. ಕಳೆದ ಒಂದು ತಿಂಗಳಲ್ಲಿ ಆ ಘಟನೆ ಕನಸಿನಲ್ಲೋ ಎಚ್ಚರದಲ್ಲೋ ಬೇಡ ಅಂದರೂ ಬಂತಾ? ಅದನ್ನು ನೆನಪಿಸುವ ಜಾಗ, ಜನ ತಪ್ಪಿಸಿಕೊಂಡು ಓಡಾಡ್ತಾ ಇದ್ದೀರಾ? ಯಾವಾಗಲೂ ಕಾವಲು ಕಾಯುವ ಹಾಗೆ, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತೀರಾ? ಜನರಿಂದ ದೂರ ಆದ ಹಾಗೆ, ಮರಗಟ್ಟಿದ ಹಾಗೆ ಆಗ್ತದಾ? ನಿಮ್ಮನ್ನೋ ಬೇರೆಯವರನ್ನೋ ಬೈದುಕೊಳ್ಳುವುದು ನಿಲ್ಲೋದಿಲ್ವಾ? ಪ್ರತಿಯೊಂದಕ್ಕೂ ಹೌದು ಎಂದೆ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಮನಸ್ಸಿಗೆ ಬರುವ ಕಾಯಿಲೆ, ಎನ್ನುವ ಹೆಸರು ಆಗ ಕಾಗದಕ್ಕೆ ಬಂತು. ಇದು ವರ್ಷಗಳ ನಂತರವೂ ತಲೆ ಎತ್ತಬಹುದು, ಬಂದೂಕು ಹಿಡಿಯದವರಿಗೂ ಬರಬಹುದು ಎಂದು ವಿವರಿಸಿದರು. ನರ್ಸಿಂಗ್ ಪುಸ್ತಕದಲ್ಲಿ ನಾನೂ ಓದಿದ್ದೆ. ಎದುರಿಗೆ ಕೂತ ಡಾಕ್ಟರ ಬಾಯಿಂದ ಕೇಳಿದಾಗ ಮಾತ್ರ ಮೈ ಹಗುರಾಯಿತು.

ಸೆರ್ಟ್ರಾಲಿನ್ ಎನ್ನುವ ಮಾತ್ರೆ ಕಡಿಮೆ ಡೋಸಿನಲ್ಲಿ ಶುರು ಮಾಡಿದರು. ಮೊದಮೊದಲು ಹೊಟ್ಟೆ ತೊಳಸುತ್ತದೆ. ಗುಣ ಕಾಣಲು ಕೆಲವು ವಾರ ಬೇಕು. ಗುಣ ಕಂಡಿತು ಎಂದು ಒಮ್ಮೆಲೇ ನಿಲ್ಲಿಸಬಾರದು. ಮಾತ್ರೆಯ ಬಗ್ಗೆ ಇಷ್ಟು ಸಾಕು.

ನಿಜವಾದ ಕೆಲಸ ನಡೆದದ್ದು ಮಾತಿನ ಚಿಕಿತ್ಸೆಯಲ್ಲಿ. ಬೆಂಗಳೂರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ವಿಡಿಯೋ ಕಾಲ್ ಮೂಲಕ. ಹೆಂಗಸೇ ಬೇಕು ಎಂದು ಕೇಳಿಕೊಂಡಿದ್ದೆ. ಹಾಗೆ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ವಾರಕ್ಕೊಂದು ಸಲ, ಒಂದೊಂದು ಸಲಕ್ಕೂ ಒಂದೂವರೆ ಗಂಟೆ. ಸಾಮಾನ್ಯವಾಗಿ 8ರಿಂದ 15 ಸಲ ಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. ವಿಧಾನ ಕೇಳಿದರೆ ಕ್ರೂರ ಅನ್ನಿಸುತ್ತದೆ. ಯಾವುದನ್ನು ನೆನೆಯಲು ಹೆದರುತ್ತೇವೋ ಅದನ್ನೇ ಕಣ್ಣು ಮುಚ್ಚಿ, ಈಗ ನಡೆಯುತ್ತಿರುವ ಹಾಗೆ, ಬಾಯಿ ಬಿಟ್ಟು ಹೇಳಬೇಕು. ಒಮ್ಮೆ ಅಲ್ಲ, ಮತ್ತೆ ಮತ್ತೆ.

ನಾನು ಶುರು ಮಾಡಿದ್ದು ಹೀಗೆ. ‘ಪೇಷಂಟ್ ಪುರುಷ, ವಯಸ್ಸು ಸುಮಾರು 22, ಬಲಗಾಲಿಗೆ ಮೈನ್ ಬ್ಲಾಸ್ಟ್ ಗಾಯ, ಬಿಪಿ ಕಡಿಮೆ, ಐವಿ ಲೈನ್ ಹಾಕಲಾಯಿತು.’ ಡ್ಯೂಟಿ ಮುಗಿದಾಗ ಮುಂದಿನ ಶಿಫ್ಟಿನ ಸಿಸ್ಟರ್‌ಗೆ ಒಪ್ಪಿಸುವ ವರದಿ. ಸೈಕಾಲಜಿಸ್ಟ್ ತಡೆದು ಕೇಳಿದರು, ‘ನೀವು ಎಲ್ಲಿ ನಿಂತಿದ್ರಿ? ಕೈಯಲ್ಲಿ ಏನಿತ್ತು?’

ಕೈಯಲ್ಲಿ ಕತ್ತರಿ ಇತ್ತು. ನಾನು ಅವನ ಕಾಲಿನ ಹತ್ತಿರ ಬಗ್ಗಿದ್ದೆ. ಬೂಟಿನ ಲೇಸು ಮಣ್ಣು, ರಕ್ತ ಸೇರಿ ಒಣಗಿ ತಂತಿಯ ಹಾಗಾಗಿತ್ತು. ಕತ್ತರಿ ಹಾಕಿದಾಗ ಆ ಹುಡುಗ ತಲೆ ಎತ್ತಿ, ‘ಸಿಸ್ಟರ್, ಕತ್ತರಿಸಬೇಡಿ, ಹೊಸ ಬೂಟು’ ಎಂದ. ಬೂಟಿನ ಒಳಗೆ ಏನು ಉಳಿದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ‘ಆಯ್ತಪ್ಪ, ಜೋಪಾನವಾಗಿ ತೆಗೀತೇನೆ’ ಎಂದು ಹೇಳಿ ಕತ್ತರಿಸಿದೆ. ಇಷ್ಟು ಹೇಳಲು ನನಗೆ ಎಷ್ಟೋ ವಾರ ಹಿಡಿಯಿತು. ನಾನು ಹೊತ್ತುಕೊಂಡು ಬಂದದ್ದು ರಕ್ತವನ್ನಲ್ಲ, ಆ ಸುಳ್ಳನ್ನು. ಅದು ಗೊತ್ತಾದ ಮೇಲೆ ಮಾತಾಡಲು ಒಂದು ಹಿಡಿ ಸಿಕ್ಕಿತು. ಆ ಹೊತ್ತಿನಲ್ಲಿ ಬೇರೆ ಏನು ಹೇಳಬಹುದಿತ್ತು, ನಿಜ ಹೇಳಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತಾ, ಇದನ್ನೇ ತಿರುಗಿಸಿ ತಿರುಗಿಸಿ ನೋಡಿದೆವು.

ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ದಿನಾ ಕೇಳಬೇಕು. ಮನೆಯಲ್ಲಿ ಎಲ್ಲಿ ಕೇಳುವುದು? ಅತ್ತೆ ಇದ್ದಾರೆ, ಕೆಲಸದವಳು ಬರುತ್ತಾಳೆ. ಸಂಜೆ ಟಾಗೋರ್ ಬೀಚಿಗೆ ಹೋಗಿ ಇಯರ್‌ಫೋನ್ ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದೆ. ಕಣ್ಣಲ್ಲಿ ನೀರು. ವಾಕಿಂಗ್ ಬರುವ ಒಬ್ಬರು ಒಂದು ದಿನ, ‘ಯಾವ ಭಜನೆ ಅಕ್ಕ, ನಮಗೂ ಕಳಿಸಿ’ ಎಂದರು.

ಇನ್ನೊಂದು ಹೋಮ್‌ವರ್ಕು, ಹೆದರಿಕೆಯ ಪಟ್ಟಿ. ಯಾವ್ಯಾವುದನ್ನು ತಪ್ಪಿಸಿಕೊಂಡು ತಿರುಗುತ್ತಿದ್ದೇನೋ ಅದನ್ನೆಲ್ಲ ಬರೆದು, ಸುಲಭದ್ದರಿಂದ ಹಿಡಿದು ಕಷ್ಟದ್ದರ ತನಕ ಒಂದೊಂದನ್ನೇ ಮಾಡುವುದು. ಹೋಟೆಲಿನ ನಡು ಟೇಬಲ್ಲಿನಲ್ಲಿ ಕೂರುವುದು ಕೆಳಗಿತ್ತು. ಕ್ಯಾಶುವಾಲ್ಟಿ ಎದುರಿನ ಕಟ್ಟೆಯಲ್ಲಿ ಎದೆಬಡಿತ ಇಳಿಯುವ ತನಕ ಕೂರುವುದು ಮೇಲಿತ್ತು. ಎಲ್ಲಕ್ಕಿಂತ ಮೇಲೆ ಶಿರೂರು. ಅಲ್ಲಿಗೆ ಯಜಮಾನರನ್ನು ಕರೆದುಕೊಂಡು ಹೋದೆ. ಗುಡ್ಡ ಸೀಳಿದ ಜಾಗದ ಎದುರು ಗಾಡಿ ನಿಲ್ಲಿಸಿ ಇಳಿದೆವು. ಅವರು ಒಂದೂ ಮಾತಾಡಲಿಲ್ಲ. ಮೊದಲೇ ಹೇಳಿಕೊಟ್ಟಿದ್ದೆ, ಸಮಾಧಾನ ಮಾಡಬೇಡಿ ಎಂದು. ಮನೆಯವರಿಗೆ ಇದನ್ನು ಹೇಳಿಕೊಡಲೇಬೇಕು, ಇಲ್ಲದಿದ್ದರೆ ಪ್ರೀತಿಯಿಂದಲೇ ಕೆಡಿಸುತ್ತಾರೆ.

ಶಿರಸಿಯ ಒಬ್ಬ ಗೆಳತಿಯ ಕಥೆ ಬೇರೆ. ಅವಳು ಶಾರ್ಟ್ ಸರ್ವಿಸ್ ಕಮಿಷನ್ ಮೇಲೆ, ಅಂದರೆ ಇಷ್ಟೇ ವರ್ಷ ಎನ್ನುವ ಲೆಕ್ಕದಲ್ಲಿ, ಸೇನೆಗೆ ಸೇರಿ ಹತ್ತು ವರ್ಷಕ್ಕೆ ಹೊರಗೆ ಬಂದವಳು. ಹೆಂಗಸರಿಗೂ ಪರ್ಮನೆಂಟ್ ಕಮಿಷನ್ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಫೆಬ್ರವರಿಯಲ್ಲಿ, ಅವಳು ಬಿಟ್ಟ ಮೇಲೆ. ‘ಪೆನ್ಶನ್ ಇಲ್ಲದವಳು ನಾನೆಂಥ ಮಾಜಿ ಸೈನಿಕಳು ಅಕ್ಕಾ’ ಎನ್ನುತ್ತಿದ್ದಳು. ಶಾರ್ಟ್ ಸರ್ವಿಸ್‌ನವರಿಗೂ ಇಸಿಎಚ್‌ಎಸ್ ಎನ್ನುವ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸೌಲಭ್ಯ 2019ರ ಮಾರ್ಚಿನ ಆದೇಶದಲ್ಲೇ ಬಂದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಪುಕ್ಕಟೆ ಅಲ್ಲ, ಒಂದು ಸಲ ಹಣ ಕಟ್ಟಬೇಕು. ಕಾರ್ಡ್ ಇದ್ದರೆ ಆ ಯೋಜನೆಯ ಪಾಲಿಕ್ಲಿನಿಕ್ಕಿನ ವೈದ್ಯರಿಂದ ರೆಫರಲ್ ಬರೆಸಿಕೊಂಡು ಮನೋವೈದ್ಯರ ಹತ್ತಿರ ಹೋಗಬಹುದು. ಆ ರೆಫರಲ್ಲಿನಲ್ಲಿ ಸುಮ್ನೆ ‘ನಿದ್ರಾಹೀನತೆ’ ಎಂದು ಬರೆಯಲು ಬಿಡಬೇಡಿ. ಸರ್ವಿಸ್‌ನಲ್ಲಿ ಆದದ್ದರ ಒಂದು ಸಾಲಾದರೂ ಇರಲಿ.

ಅವಳ ನೋವು ಯುದ್ಧದ್ದಲ್ಲ. ಯೂನಿಟ್ಟಿನಲ್ಲಿ ಮೇಲಿನವನೊಬ್ಬನಿಂದ ಆದದ್ದು. ಅದನ್ನು ಅವಳು ಆಗಲೂ ದೂರು ಕೊಟ್ಟಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗೆ ಬಂದ ಪ್ರತಿಯೊಬ್ಬರನ್ನೂ, ಗಂಡಸಾಗಲಿ ಹೆಂಗಸಾಗಲಿ, ಸೇವೆಯಲ್ಲಿದ್ದಾಗ ಲೈಂಗಿಕ ಕಿರುಕುಳ ಆಗಿತ್ತಾ ಎಂದು ಕೇಳುತ್ತಾರೆ. ಹಾಗೆ ಕೇಳಿದಾಗ ಹೆಂಗಸರಲ್ಲಿ 3ರಲ್ಲಿ 1ರಷ್ಟು ಮಂದಿ ಹೌದು ಎನ್ನುತ್ತಾರೆ. ಆಗ ದೂರು ಕೊಟ್ಟಿರಬೇಕು ಅಂತಲೂ ಇಲ್ಲ, ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ದುಡ್ಡೂ ಇಲ್ಲ. ಅಲ್ಲಿನ ಪ್ರತಿ ದೊಡ್ಡ ಆಸ್ಪತ್ರೆಯಲ್ಲಿ ಮಹಿಳಾ ಮಾಜಿ ಸೈನಿಕರ ಕೆಲಸಕ್ಕೆಂದೇ ಒಬ್ಬರು ಇರುತ್ತಾರೆ. ಅಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಕೇಳುತ್ತಾರಲ್ಲ, ಅದು ದೊಡ್ಡದು. ನನ್ನನ್ನು ಇಲ್ಲಿ ಯಾವ ಓಪಿಡಿಯಲ್ಲೂ ಯಾರೂ ಕೇಳಲಿಲ್ಲ, ನನ್ನ ಗೆಳತಿಯನ್ನೂ ಕೇಳಿರಲಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎನ್ನುವ ಸರ್ಕಾರದ ಕಾರ್ಯಕ್ರಮ ಇದೆ. ಅವಳು ಅಲ್ಲಿಂದಲೇ ಶುರು ಮಾಡಿದಳು. ಎಲ್ಲವನ್ನೂ ಮೊದಲ ದಿನವೇ ಬಿಚ್ಚಿಡಬೇಕಾಗಿಲ್ಲ ಎಂದು ನಾನು ಹೇಳಿದ್ದೆ. ಅವಳು ಹೇಳಿದ್ದು ಇಷ್ಟೇ. ‘ನಾನು ಸೇನೆಯಲ್ಲಿದ್ದೆ. ಅಲ್ಲಿ ಒಂದು ಕೆಟ್ಟ ಘಟನೆ ಆಯಿತು. ಅದರ ವಿವರ ಇವತ್ತು ಹೇಳಲಾರೆ.’ ಡಾಕ್ಟರು ಅಷ್ಟನ್ನೇ ಬರೆದುಕೊಂಡರಂತೆ. ಸಾಕಲ್ವಾ, ಶುರುವಿಗೆ.

ಈಗ ನನ್ನನ್ನು ಯಾರಾದರೂ ಕೇಳಿದರೆ, ಹೋಗುವಾಗ ಒಂದು ಹಾಳೆ ಒಯ್ಯಿರಿ ಎನ್ನುತ್ತೇನೆ. ಅದರಲ್ಲಿ ಯಾವ ಸರ್ವಿಸ್, ಯಾವ ವರ್ಷದಿಂದ ಯಾವ ವರ್ಷ, ಎಲ್ಲೆಲ್ಲಿ ಪೋಸ್ಟಿಂಗ್, ಈಗ ತಗೊಳ್ಳುತ್ತಿರುವ ಮಾತ್ರೆ. ಒಳಗೆ ಗಂಟಲು ಕಟ್ಟಿದರೆ ಆ ಹಾಳೆ ಕೊಟ್ಟರಾಯಿತು. ಕೌಂಟರಿನಲ್ಲಿ ಉದ್ಯೋಗ ಬರೆಯುವಾಗ ಬಗ್ಗಿ ನೋಡಿ, ತಪ್ಪಿದ್ದರೆ ತಿದ್ದಿಸಿ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.

ನನ್ನ ಮಾತ್ರೆ ಇನ್ನೂ ನಡೆದಿದೆ. ನಿದ್ರೆ ಬರುತ್ತದೆ, ಹೆಚ್ಚಿನ ರಾತ್ರಿ. ಜುಲೈ ಮಾತ್ರ ಕಷ್ಟ. ಕಾರ್ಗಿಲ್ ದಿವಸವೂ ಅದೇ ತಿಂಗಳು, ಶಿರೂರೂ ಅದೇ ತಿಂಗಳು. ಆದ್ದರಿಂದ ಜೂನ್ ಕೊನೆಯಲ್ಲೇ ಸೈಕಾಲಜಿಸ್ಟ್ ಜೊತೆ ಒಂದು ಭೇಟಿ ಗೊತ್ತು ಮಾಡಿಕೊಂಡಿರುತ್ತೇನೆ. ಡೋಸ್ ಇಳಿಸುವ ಮಾತು ಮಳೆಗಾಲ ಕಳೆದ ಮೇಲೆ ಎಂದಿದ್ದಾರೆ ಡಾಕ್ಟರು.